ಗದ್ದೆ ಮಾರಿದಿರಾ ಎಂದು ಕೇಳಲು ಬಂದವರು

ನಂಜನಗೂಡಿನಿಂದ ತಿ. ನರಸೀಪುರಕ್ಕೆ ಹೋಗುವ ದಾರಿಯಲ್ಲಿ ನಮ್ಮೂರು. ರಸ್ತೆಗೆ ಅಂಟಿಕೊಂಡೇ ನಮ್ಮ ಗದ್ದೆ, ಅದರ ಪಕ್ಕದ್ದು ದೊಡ್ಡಪ್ಪನದು. ಅವರು ನಮಗೆ ರಕ್ತಸಂಬಂಧಿಯಲ್ಲ. ಊರಿನ ವಾಡಿಕೆಯಂತೆ ಚಿಕ್ಕವಳಿದ್ದಾಗಿನಿಂದ ಹಾಗೆ ಕರೆಯುತ್ತಿದ್ದೆ. ಆಮೇಲೆ ಅಪ್ಪನಿಗೂ ಅವರಿಗೂ ಬದುವಿನ ವಿಷಯಕ್ಕೆ ಜಗಳವಾಗಿ ಮಾತು ನಿಂತಿತು. ಅಪ್ಪ ತೀರಿಕೊಂಡ ಮೇಲೂ ಅದು ಹಾಗೇ ಉಳಿಯಿತು.

ಈಚೆಗೆ ಮೈಸೂರಿನವರು ನಮ್ಮ ಕಡೆ ಜಮೀನು ಹುಡುಕಿಕೊಂಡು ಬರತೊಡಗಿದರು. ನಮ್ಮಿಬ್ಬರ ಗದ್ದೆಯ ಹಿಂದಿನ ಜಮೀನನ್ನು ಒಬ್ಬರು ಲೇಔಟ್ ಮಾಡಲು ಕೊಂಡರು. ಅಲ್ಲಿಗೆ ದಾರಿಯಾಗಬೇಕಾದರೆ ನಮ್ಮ ಗದ್ದೆಗಳು ಬೇಕು, ನಡುವಿನ ಕಾಲುವೆಯನ್ನೂ ಮುಚ್ಚಬೇಕು. ಕೆಳಗಿನ ಗದ್ದೆಗಳಿಗೆಲ್ಲ ನೀರು ಹೋಗುವುದು ಅದೇ ಕಾಲುವೆಯಿಂದ.

ಒಂದು ಭಾನುವಾರ ಬ್ರೋಕರ್ ಮನೆಗೆ ಬಂದ. ನಂಜನಗೂಡಿನ ಕಾರ್ಖಾನೆಯಲ್ಲಿ ಕೆಲಸ ಮಾಡುವ ನಾನು ಹಗಲು ಮನೆಯಲ್ಲಿರುವುದು ಅಂದು ಮಾತ್ರ.

"ಪಕ್ಕದೋರು ಒಪ್ಕಂಡವ್ರೆ ಕಣಕ್ಕ. ನಿಮ್ದೊಂದೇ ಉಳುದ್ರೆ ನೀರು ಎಲ್ಲಿಂದ ಬತ್ತದೆ?" ಅಂದ.

ಅವನು ಹೋದ ಮೇಲೆ ಅವ್ವನೂ ನಾನೂ ಬಹಳ ಹೊತ್ತು ಮಾತಾಡಿದೆವು. ನೀರಿಲ್ಲದ ಗದ್ದೆ ಇಟ್ಟುಕೊಂಡು ಮಾಡುವುದೇನು? ಮಾರಿಬಿಡೋಣ ಎನ್ನುವಲ್ಲಿಗೆ ಬಂದೆವು. ಅವ್ವ ಊಟ ಮಾಡಲಿಲ್ಲ.

ಮಾರನೆಯ ಸಂಜೆ ನಾನು ಕೆಲಸ ಮುಗಿಸಿ ಬಂದಾಗ ದೊಡ್ಡಪ್ಪ ನಮ್ಮ ಮನೆಯ ಮುಂದೆ ನಿಂತಿದ್ದರು. ಒಳಗೆ ಬನ್ನಿ ಎಂದರೂ ಚಪ್ಪಲಿ ಬಿಡಲಿಲ್ಲ.

"ಗದ್ದೆ ಮಾರ್ಬುಟ್ರಂತಲ್ಲ, ನಿಜವಾ?" ಎಂದು ಅವ್ವನನ್ನು ಕೇಳಿದರು.

"ನಾವೆಲ್ಲಿ ಮಾರುದ್ವು ಬಾವ? ನೀವೇ ಒಪ್ಕಂಡ್ರಿ ಅಂತ ಆ ಬ್ರೋಕರ್ ಏಳ್ದ."

"ನಂಗೂ ಅಂಗೇ ಏಳವ್ನೆ. ನಿಮ್ಮುನ್ನ ಒಂದ್ಮಾತು ಕೇಳ್ದೆ ಎಂಗೆ ಸೈನ್ ಆಕ್ಲಿ ಅಂತ ಬಂದೆ."

ಅವ್ವನಿಗೆ ನಗು ತಡೆಯಲಾಗಲಿಲ್ಲ, ಸೆರಗಿನಿಂದ ಬಾಯಿ ಮುಚ್ಚಿಕೊಂಡರು. ದೊಡ್ಡಪ್ಪ ಚಪ್ಪಲಿ ಬಿಟ್ಟು ಜಗುಲಿಯ ಮೇಲೆ ಕೂತರು. ಕಾಫಿ ಬಂತು. ಹಳೆಯ ಜಗಳವನ್ನು ಯಾರೂ ಎತ್ತಲಿಲ್ಲ.

ಆ ವಾರವೇ ಅವರು ನನ್ನನ್ನೂ ಕರೆದುಕೊಂಡು, ಆ ಕೇರಿ ಈ ಕೇರಿ ಎನ್ನದೆ, ಕೆಳಗಿನ ಗದ್ದೆಯವರ ಮನೆಗಳಿಗೆಲ್ಲ ಹೋದರು. ಕಾಲುವೆ ಮುಚ್ಚುವ ಸುದ್ದಿಯೇ ಅವರಲ್ಲಿ ಹಲವರಿಗೆ ಗೊತ್ತಿರಲಿಲ್ಲ. ಎಲ್ಲರೂ ಸೇರಿ ಪಂಚಾಯ್ತಿಗೆ ಹೋದೆವು. ಕೆಲಸ ಬಿಟ್ಟು ಬಂದ ಹೆಂಗಸರೇ ಮುಂದೆ ಕೂತಿದ್ದರು. ದೊಡ್ಡಪ್ಪ ಎದ್ದು ನಿಂತು, "ದಾರಿ ಆಗ್ಬೇಕಿರೋದು ನಮ್ಮಿಬ್ರ ಗದ್ದೆ ಮ್ಯಾಲೆ ಸಾ. ನಾನು ಮಾರಕಿಲ್ಲ. ಈ ಮಗಾನೂ ಇಲ್ಲೇ ಅವ್ಳೆ, ಕೇಳಿ" ಎಂದರು. ಎಲ್ಲರೂ ನನ್ನತ್ತ ತಿರುಗಿದರು. "ನಾವೂ ಮಾರಲ್ಲ" ಎಂದೆ.

ದಾರಿ ಸಿಗದೆ ಆ ಮೈಸೂರಿನವರು ಕೆಲವು ತಿಂಗಳು ಕಾದರು. ಕಡೆಗೆ ಜಮೀನನ್ನು ಬನ್ನೂರು ಕಡೆಯ ರೈತರೊಬ್ಬರಿಗೆ ಕೊಟ್ಟು ಹೋದರು. ಈಗ ಅಲ್ಲಿ ಕಬ್ಬು ಬೆಳೆದಿದೆ.

ಊರಿನ ಇನ್ನೊಂದು ಬದಿಯಲ್ಲಿ ಆಗಲೇ ಸೈಟುಗಳ ಕಲ್ಲು ನೆಟ್ಟಿದ್ದಾರೆ. ನಮ್ಮ ಬದಿ ಎಷ್ಟು ಕಾಲ ಉಳಿಯುತ್ತದೋ ಹೇಳಲಾರೆ. ಆದರೆ ಇಷ್ಟು ವರ್ಷದ ಬಿಗುಮಾನ ಬಿಟ್ಟು ಅವರು ಆ ಸಂಜೆ ಬಾರದಿದ್ದರೆ ನಾವು ಸಹಿ ಹಾಕಿಯೇಬಿಡುತ್ತಿದ್ದೆವು. ನಮ್ಮ ಅನ್ನ ಇಂದಿಗೂ ನಮ್ಮ ಗದ್ದೆಯದು. ಮೊನ್ನೆ ಕಾಲುವೆಯ ಹತ್ತಿರ ಸಿಕ್ಕಾಗ ಇದನ್ನು ಅವರಿಗೆ ಹೇಳಿಯೇಬಿಟ್ಟೆ.

ಅವರು ಪಂಚೆ ಮೇಲೆತ್ತಿ ಕಟ್ಟುತ್ತಾ, "ಅದ್ಕೇನೀಗ ಬುಡು ಮಗಾ. ನಾಟಿಗೆ ಆಳು ಏಳಿದ್ದೀಯಾ?" ಎಂದರು.