ಆರ್ವಿಲ್ ಟೆಶ್ ತಡವಾಗಿ ಬರೆದ ಸಾಲು

ಆರ್ವಿಲ್ ಟೆಶ್‌ಗೆ ಹೇಸಿಗೆಯಾಗದಂಥದ್ದು ನಮ್ಮ ಕೆಸ್ಲರ್ ಬ್ಲಫ್‌ನಲ್ಲಿ ಹೆಚ್ಚೇನೂ ಇರಲಿಲ್ಲ. ಮಿಸಿಸಿಪ್ಪಿ ದಂಡೆಯ ಈ ಊರಿನ ಪತ್ರಿಕೆಗೆ ಬೇಸ್‌ಬಾಲ್ ಬಗ್ಗೆ ಬರೆದೂ ಬರೆದೂ ತಲೆ ಬೋಳಾದವನು ಅವನು. ಎರಡು ಎಸೆತಗಳ ನಡುವೆ ಕಿವಿ ಕಿತ್ತುಹೋಗುವ ಹಾಗೆ ಹಾಕುವ ಹಾಡನ್ನು ಕೇಳಿದರೆ ಅವನ ಮೈ ಉರಿಯುತ್ತಿತ್ತು. ಪ್ಲಾಸ್ಟಿಕ್ ಹೆಲ್ಮೆಟ್ಟಿನೊಳಗೆ ನಾಚೋಸ್ ಚಿಪ್ಸು ಸುರಿದು, ಅದರ ಮೇಲೆ ಹಳದಿ ಗೋಂದಿನಂಥ ಚೀಸು ಮೆತ್ತಿಕೊಡುವುದನ್ನು ಕಂಡರೆ ಮೂಗು ಮುಚ್ಚಿಕೊಂಡು ದಾಟುತ್ತಿದ್ದ. ಕೊಕ್ಕರೆಯ ವೇಷ ಹಾಕಿಕೊಂಡು ಜನರ ತಲೆಯ ಮೇಲೆ ರೆಕ್ಕೆ ಬಡಿಯುವ ಬೆವರು ನಾತದ ದಾಂಡಿಗನೊಬ್ಬನಿದ್ದ, ಅವನು ಹತ್ತಿರ ಬಂದರೆ ಆರ್ವಿಲ್ ಎದ್ದು ಬೇರೆ ಕಡೆ ಹೋಗುತ್ತಿದ್ದ. ಇನ್ನು ಆಟಗಾರರು ಕೂರುವ ಡಗ್‌ಔಟ್‌ನ ನೆಲದ ಕಥೆ ಕೇಳಲೇಬೇಡಿ. ಉಗಿದ ಸೂರ್ಯಕಾಂತಿ ಬೀಜದ ಸಿಪ್ಪೆ, ಜಗಿದು ಬಿಸಾಕಿದ ಗಮ್ಮು, ಕಂದು ಎಂಜಲು. ಥೂ, ಕೋಳಿ ಸಾಕುವವರು ಕೂಡ ಅದಕ್ಕಿಂತ ಚೊಕ್ಕಟವಾಗಿ ಇಟ್ಟುಕೊಂಡಿರುತ್ತಾರೆ.

ಊರಿನವರು ಅವನನ್ನು ಬೈದುಕೊಂಡೇ ಓದುತ್ತಿದ್ದರು. ಕಂಡದ್ದನ್ನು ಕಂಡ ಹಾಗೆ ಬರೆಯುವವನು, ಯಾರ ಮುಲಾಜಿಗೂ ಬೀಳದವನು ಎಂಬ ಹೆಸರು ಅವನಿಗಿತ್ತು. ಆ ಹೆಸರೊಂದನ್ನು ಬಿಟ್ಟರೆ ಜಂಬಪಡುವಂಥದ್ದು ಅವನ ಹತ್ತಿರ ಬೇರೇನೂ ಇರಲಿಲ್ಲ.

"ನಿನ್ನ ನಾಲಗೆಗೆ ಹೆದರಿ ನಮ್ಮನೆಗೆ ಯಾರೂ ಊಟಕ್ಕೇ ಬರಲ್ಲ" ಎನ್ನುತ್ತಿದ್ದಳು ಹೆಂಡತಿ ಕ್ಲಾರಿಸ್. "ಹೋಗ್ಲಿ ಬಿಡು, ನನಗೂ ಪಾತ್ರೆ ತೊಳೆಯೋದು ಉಳೀತು."

ಸೆಪ್ಟೆಂಬರ್ ಬಂತೆಂದರೆ ನಮ್ಮ ಲೀಗಿನಲ್ಲಿ ನಾಲ್ಕೇ ತಂಡ ಉಳಿಯುತ್ತವೆ. ಕೊನೆಯ ಸುತ್ತು ಶುರುವಾಗುವ ಮುಂಚೆ ಆರ್ವಿಲ್ ಒಂದಿಡೀ ಪುಟ ಮುನ್ನೋಟ ಬರೆಯುತ್ತಿದ್ದ. ಯಾರಿಗೆ ಏನು ಬಲ, ಯಾರಲ್ಲಿ ಏನು ಹುಳುಕು, ಯಾರು ಗೆಲ್ಲುತ್ತಾರೆ ಎಲ್ಲವೂ ಅದರಲ್ಲಿರುತ್ತಿತ್ತು. ಈ ಸೀಮೆಯ ಆಟಗಾರರಿಗೆ ಒಂದು ಚಾಳಿಯುಂಟು. ತಮ್ಮನ್ನು ಯಾರಾದರೂ ಪತ್ರಿಕೆಯಲ್ಲಿ ಹೀಗಳೆದರೆ ಆ ಪುಟವನ್ನು ಕತ್ತರಿಸಿ ಬಟ್ಟೆ ಬದಲಿಸುವ ಕೋಣೆಯ ಗೋಡೆಗೆ ಅಂಟಿಸುತ್ತಾರೆ. ಬೈದ ಸಾಲಿನ ಸುತ್ತ ಕೆಂಪು ಗೆರೆ ಎಳೆಯುತ್ತಾರೆ. ಮೈದಾನಕ್ಕೆ ಇಳಿಯುವಾಗ ಒಬ್ಬೊಬ್ಬರೂ ಅದಕ್ಕೊಂದು ಗುದ್ದು ಕೊಟ್ಟು, ಕೆಂಡಕಾರುತ್ತ ಹೊರಡುತ್ತಾರೆ. ಗೋಡೆಗೆ ಅಂಟಿಸುವುದಕ್ಕೆ ಆರ್ವಿಲ್‌ನ ಪುಟದಷ್ಟು ಒಳ್ಳೆಯ ಮಾಲು ನಾಲ್ಕೂ ಊರುಗಳಲ್ಲಿ ಸಿಗುತ್ತಿರಲಿಲ್ಲ.

ಆ ವರ್ಷ ಅವನಿಗೆ ಮೂರು ತಂಡಗಳನ್ನು ಬೈಯುವುದರಲ್ಲಿ ಏನೂ ಕಷ್ಟವಾಗಲಿಲ್ಲ. ಡನ್‌ಲೀತ್‌ನ ಮಿಲ್ಲರ್ಸ್ ತಂಡದಲ್ಲಿ ಎಲ್ಲರೂ ಗೋಡೆ ಕೆಡವುವವರ ಹಾಗೆ ಚೆಂಡೆಸೆಯುವವರು; ಐದನೆಯ ಇನಿಂಗ್ಸ್ ದಾಟುವಷ್ಟರಲ್ಲಿ ಒಬ್ಬೊಬ್ಬರಾಗಿ ಭುಜ ಹಿಡಿದುಕೊಂಡು ಕೂರುತ್ತಾರೆ. ಬ್ಯಾಟು ಹಿಡಿದರೆ ಒಂದೋ ಚೆಂಡು ಬೇಲಿಯಾಚೆ, ಇಲ್ಲವೋ ಗಾಳಿಗೆ ಗುದ್ದಿ ವಾಪಸ್ಸು. ಅದು ಆಟವಲ್ಲ, ಲಾಟರಿ ಎಂದು ಬರೆದ. ವಾಕೊಂಡಾದ ಸ್ಟೀರ್ಸ್, ಅಂದರೆ ಎತ್ತುಗಳು ಎಂದು ಹೆಸರಿಟ್ಟುಕೊಂಡ ತಂಡದ ಹುಡುಗರು ಬೇಸ್ ಮುಟ್ಟುವ ಮುಂಚೆಯೇ ಕುಣಿಯಲು ಶುರುಮಾಡುತ್ತಾರೆ. ಒಂದು ಹಿಟ್ ಹೊಡೆದವನಿಗೆ ಪ್ಲಾಸ್ಟಿಕ್ ಕೊಂಬಿನ ಕಿರೀಟ ತೊಡಿಸಿ ಮೆರೆಸುತ್ತಾರೆ. ಅದನ್ನು ನೋಡಿದರೆ ದನಗಳಿಗೂ ನಾಚಿಕೆಯಾದೀತು ಎಂದು ಬರೆದ. ಪೋರ್ಟ್ ಲಾಯ್ಡ್‌ನ ಗಲ್ಸ್ ತಂಡ ಸೋತುಸುಣ್ಣವಾದವರನ್ನು ಮಾತ್ರ ಸೋಲಿಸಿ ಇಲ್ಲಿಯವರೆಗೆ ಬಂದಿತ್ತು. ಅದರ ಎಡ ಮೈದಾನದವನು ಚೆಂಡಿನ ಹಿಂದೆ ಓಡುವುದು ವಿಳಾಸ ಕೇಳಿಕೊಂಡು ಹೋಗುವವನ ಹಾಗೆ. ಅವರ ಮ್ಯಾನೇಜರ್ ಚೆಂಡೆಸೆಯುವ ಪಿಚರ್‌ನನ್ನು ಬದಲಾಯಿಸಲು ಎದ್ದು ಬಂದನೆಂದರೆ ಮನೆಗೆ ಹೋಗಿ ಸಾರು ಕುದಿಸಿಟ್ಟು ವಾಪಸ್ಸು ಬರಬಹುದು.

ತೊಂದರೆಯಾದದ್ದು ನಾಲ್ಕನೆಯದರಲ್ಲಿ. ಅದು ನಮ್ಮೂರಿನ ಹೆರಾನ್ಸ್, ಆ ಕೊಕ್ಕರೆ ವೇಷದವನ ತಂಡ. ಎಷ್ಟೋ ವರ್ಷ ಮಣ್ಣು ಮುಕ್ಕಿದ ತಂಡ ಈ ಸಲ ಲಕ್ಷಣವಾಗಿ ಆಡುತ್ತಿತ್ತು. ಇವರೇ ಗೆಲ್ಲಬೇಕು ಎಂದು ಬರೆಯುವಾಗ ಆರ್ವಿಲ್‌ಗೆ ಬೇರೆ ಯಾರದೋ ಚಡ್ಡಿ ಹಾಕಿಕೊಂಡ ಹಾಗೆ ಮುಜುಗರವಾಯಿತು. ಆದರೂ ಕಂಡದ್ದು ಅದೇ ಆದ್ದರಿಂದ ಬರೆದ. ಒಂದನ್ನು ಮಾತ್ರ ಬಿಟ್ಟ. ಲಾನಿ ಡುಪ್ರೀಯ ಕೈಯನ್ನು.

ಲಾನಿ ಹೆರಾನ್ಸ್‌ನ ಕ್ಯಾಚರ್, ಬ್ಯಾಟು ಹಿಡಿದವನ ಬೆನ್ನ ಹಿಂದೆ ಕೂತು ಚೆಂಡು ಹಿಡಿಯುವವನು. ಇದೇ ಊರಿನಲ್ಲಿ ಹುಟ್ಟಿ, ಇದೇ ಮೈದಾನದಲ್ಲಿ ಮಂಡಿ ಸವೆಸಿದವನು. ಅವನನ್ನು ಕಂಡರೆ ಊರಿಗೆ ಪ್ರಾಣ. ಮೊದಲನೆಯ ಬೇಸಿನಲ್ಲಿರುವ ಎದುರಾಳಿ ಎರಡನೆಯ ಬೇಸ್ ಕದಿಯಲು, ಅಂದರೆ ಚೆಂಡಿಗೆ ಬ್ಯಾಟು ತಾಕುವ ಮುಂಚೆಯೇ ಅದನ್ನು ಮುಟ್ಟಿಬಿಡಲು, ಓಡಿದಾಗ ಕ್ಯಾಚರ್ ಕೂತಲ್ಲಿಂದ ಚಂಗನೆ ಎದ್ದು, ಓಟಗಾರನಿಗಿಂತ ಮೊದಲು ಚೆಂಡನ್ನು ಅಲ್ಲಿಗೆ ತಲುಪಿಸಬೇಕು. ಲಾನಿಯ ಚೆಂಡು ಜೂನ್ ತಿಂಗಳಿನಿಂದ ತಡವಾಗಿ ತಲುಪುತ್ತಿತ್ತು. ಕೂದಲೆಳೆಯಷ್ಟು ತಡ, ಬೇರೆಯವರ ಕಣ್ಣಿಗೆ ಬೀಳದಷ್ಟು. ಆರ್ವಿಲ್‌ನ ಕಣ್ಣಿಗೆ ಬಿದ್ದಿತ್ತು. ಆದರೆ ಇಡೀ ತಂಡದಲ್ಲಿ ಉಗಿಯದವನು ಲಾನಿ ಒಬ್ಬನೇ. ತೀರ್ಪುಗಾರನ ಮುಖಕ್ಕೆ ಮುಖ ಕೊಟ್ಟು ಕಿರುಚದವನು, ಹುಲ್ಲು ಕತ್ತರಿಸುವವನಿಗೂ ನಮಸ್ಕಾರ ಹೇಳಿ ಹೋಗುವವನು. ಅವನ ಮೇಲೆ ಪೆನ್ನು ಎತ್ತಲು ಆರ್ವಿಲ್‌ಗೆ ಮನಸ್ಸಾಗಲಿಲ್ಲ. ಜೂನ್ ಹೋಯಿತು, ಜುಲೈ, ಆಗಸ್ಟೂ ಹೋದವು. ಹೇಗೂ ಇದೇ ಅವನ ಕೊನೆಯ ವರ್ಷವಾದೀತು, ಊರವರ ಮುಂದೆ ಮರ್ಯಾದೆಯಾಗಿ ಆಡಿ ಮುಗಿಸಲಿ ಎಂದುಕೊಂಡ.

ಪುಟ ಅಚ್ಚಿಗೆ ಹೋಗಬೇಕಿದ್ದ ದಿನ ಮಧ್ಯಾಹ್ನ ಅವನು ಹೋಟೆಲಿನಲ್ಲಿ ಕಾಫಿ ಕುಡಿಯುತ್ತಿದ್ದಾಗ ವೆಂಡೆಲ್ ಕ್ರೇ ಬಂದು ಎದುರಿಗೆ ಕೂತ. ವೆಂಡೆಲ್ ಹೆರಾನ್ಸ್‌ನ ಮ್ಯಾನೇಜರ್. ಯಾರು ಆಡಬೇಕು, ಯಾರು ಬೆಂಚಿನ ಮೇಲೆ ಕೂರಬೇಕು ಎಂದು ತೀರ್ಮಾನಿಸುವವನು. ಚೆರ್ರಿ ಪೈ ತರಿಸಿಕೊಂಡು ಬಾಯಿ ತೆರೆದೇ ಅಗಿಯತೊಡಗಿದ. ಕೆಂಪು ಪಾಕ ತುಟಿಯ ಮೂಲೆಯಿಂದ ಇಳಿಯುತ್ತಿತ್ತು. ಆರ್ವಿಲ್ ಕಣ್ಣನ್ನು ಕಿಟಕಿಯತ್ತ ತಿರುಗಿಸಿದ.

"ಏನ್ ಗುರೂ, ಈ ಸಲ ನಮ್ಮನ್ನ ಹೊಗಳ್ತೀಯಂತೆ?"

"ಯಾರ್ ಹೇಳಿದ್ದು?"

"ನಿನ್ ಮುಖಾನೇ ಹೇಳ್ತಿದೆಯಲ್ಲ. ಬೈಯೋಕೆ ಏನೂ ಸಿಗದೆ ಹೊಟ್ಟೆನೋವು ಬಂದಿರೋನ ಥರ ಇದೀಯ."

"ಚೆನ್ನಾಗಿ ಆಡ್ತಿದೀರಿ, ಹಂಗೇ ಬರೀತೀನಿ. ಅದರಲ್ಲಿ ನನಗೇನೂ ಖುಷಿ ಇಲ್ಲ."

"ಬೇಡ ಕಣಯ್ಯಾ. ಹೊಗಳಿದ್ರೆ ನಮ್ ಹುಡುಗ್ರು ಮೆತ್ತಗಾಗ್ಬಿಡ್ತಾರೆ. ಗೋಡೆಗೆ ಅಂಟಿಸೋಕೆ ನನಗೊಂದು ಸಾಲು ಬೇಕು. ಮೈಯೆಲ್ಲಾ ಉರಿಯೋ ಅಂಥದ್ದು."

"ಸುಳ್ಳು ಬರೆಯೋಕೆ ಬೇರೆ ಯಾರನ್ನಾದ್ರೂ ಹುಡುಕ್ಕೋ, ಹೋಗು."

"ಸುಳ್ಳು ಯಾರ್ ಕೇಳಿದ್ರು?" ವೆಂಡೆಲ್ ಫೋರ್ಕನ್ನು ನೆಕ್ಕಿ ತಟ್ಟೆಯಲ್ಲಿಟ್ಟ. "ಲಾನಿ ಕೈ ಬಗ್ಗೆ ಬರಿ."

ಆರ್ವಿಲ್ ಕಾಫಿ ಬಟ್ಟಲನ್ನು ಕೆಳಗಿಟ್ಟ.

"ನೋಡಿದೀಯ, ನನಗೆ ಗೊತ್ತು. ಜೂನ್‌ನಿಂದ ನೋಡ್ತಾನೇ ಇದೀಯ. ಒಂದಕ್ಷರ ಬರೆದಿಲ್ಲ. ಅಂದ್ರೆ ನಿನಗೂ ಬೇಕಾದೋರು, ಬೇಡದೋರು ಅಂತ ಇದಾರೆ. ಕಂಡಂಗೆ ಬರೀತೀನಿ, ಕಂಡಂಗೆ ಬರೀತೀನಿ ಅಂತ ಊರೆಲ್ಲಾ ಹೇಳ್ಕೊಂಡು ತಿರುಗೋದೆಲ್ಲ ಬರೀ ಬೊಗಳೆ."

"ಅವನನ್ನ ಯಾಕೆ ಎಳೀತೀಯ ಇದಕ್ಕೆ?"

"ಅವನಂದ್ರೆ ಹುಡುಗ್ರಿಗೆ ಪ್ರಾಣ, ಅದಕ್ಕೇ. ನಮ್ಮನ್ನ ಬೈದ್ರೆ ನಗ್ತಾರೆ. ಲಾನಿನ ಬೈದು ನೋಡು, ಅವನಿಗೋಸ್ಕರ ಮೈದಾನಾನೇ ಅಗೆದು ಹಾಕ್ತಾರೆ. ಅವನಿಗೂ ಒಳ್ಳೇದೇ ಅಲ್ವಾ, ಗೆದ್ದು ಹೋಗ್ತಾನೆ."

ಹೇಸಿಗೆ ಎನ್ನಿಸಿತು ಆರ್ವಿಲ್‌ಗೆ. ಆ ಪಾಕ ಮೆತ್ತಿದ ಬಾಯಿ, ಆ ಹಲ್ಲು ಕಿರಿಯುವ ಮುಖ. ಎದ್ದು ಮನೆಗೆ ಬಂದ. ಆದರೆ ವೆಂಡೆಲ್ ಚುಚ್ಚಬೇಕಾದ ಕಡೆಯೇ ಚುಚ್ಚಿದ್ದ. ಬರೀ ಬೊಗಳೆ ಎಂಬ ಮಾತು ಸಂಜೆಯವರೆಗೂ ಕಿವಿಯಲ್ಲಿ ಗುಂಯ್‌ಗುಟ್ಟಿತು. ಊಟಕ್ಕೆ ಮೊದಲು ಕೂತು ಪುಟದ ಕೊನೆಗೆ ಬರೆದೇಬಿಟ್ಟ: "ಹೆರಾನ್ಸ್ ಗೆಲ್ಲಬೇಕಾದ ತಂಡ. ಆದರೆ ಪ್ಲೇಟಿನ ಹಿಂದೆ ಕೂರುವ ಲಾನಿ ಡುಪ್ರೀಯ ಕೈಯಲ್ಲಿ ಏನೂ ಉಳಿದಿಲ್ಲ. ಅವನೆದುರು ಎರಡನೆಯ ಬೇಸ್ ಕದಿಯಲು ಓಡಬೇಕಾಗಿಲ್ಲ, ಊರುಗೋಲು ಹಿಡಿದು ನಡೆದುಹೋದರೂ ಸಾಕು."

ಬೆಳಿಗ್ಗೆ ಕ್ಲಾರಿಸ್ ಪತ್ರಿಕೆ ಓದಿ ಮಡಿಚಿಟ್ಟಳು.

"ಇದನ್ನ ಬರೀಲೇ ಬೇಕಿತ್ತಾ?"

"ಯಾಕೆ, ನಿಜ ಅಲ್ವಾ?"

"ನಿಜಾನೇ ಇರ್ಬೋದು. ಬರೀಲೇ ಬೇಕಿತ್ತಾ ಅಂತ ಕೇಳ್ದೆ."

ಊರು ಉರಿದು ಬಿತ್ತು. ಹೋಟೆಲಿನ ಹೆಂಗಸು ಕಾಫಿಯನ್ನು ಅರ್ಧ ಬಟ್ಟಲಿಗೆ, ಅರ್ಧ ಮೇಜಿಗೆ ಸುರಿದು ಹೋದಳು. ಪೆಟ್ರೋಲ್ ಬಂಕಿನವನು ಮುಖಕ್ಕೆ ಹೊಡೆದ ಹಾಗೆ, "ನಿಮ್ಮ ಕೈಯಲ್ಲಿ ಏನ್ ಉಳಿದಿದೆ ಅಂತ ಒಂದಿನ ಬಂದು ತೋರ್ಸಿ" ಎಂದ. ಆರ್ವಿಲ್ ಅದಕ್ಕೆಲ್ಲ ಸೊಪ್ಪು ಹಾಕಲಿಲ್ಲ. ಬೈಸಿಕೊಳ್ಳುವುದು ಅವನಿಗೆ ಹೊಸದೇನಲ್ಲ. ತಾನು ಯಾರ ಮುಲಾಜಿಗೂ ಬೀಳುವವನಲ್ಲ ಎಂದು ತೋರಿಸಿಯಾಯಿತಲ್ಲ ಎಂಬ ನೆಮ್ಮದಿ ಅವನಿಗಿತ್ತು.

ಮೊದಲ ಪಂದ್ಯದ ದಿನ ಮಧ್ಯಾಹ್ನ ಅವನು ಎಂದಿನಂತೆ ಆಟಗಾರರ ಕೋಣೆಗೆ ಹೋದ. ಪುಟ ಗೋಡೆಯ ಮೇಲಿತ್ತು, ಊರುಗೋಲಿನ ಸಾಲಿನ ಸುತ್ತ ಕೆಂಪು ಗೆರೆ. ಅವನನ್ನು ಕಂಡದ್ದೇ ಹುಡುಗರು ಬೆನ್ನು ತಿರುಗಿಸಿದರು. ಒಬ್ಬ ಅವನ ಬೂಟಿನ ಪಕ್ಕಕ್ಕೇ ಸಿಪ್ಪೆ ಉಗಿದ. ಪುಟದ ಪಕ್ಕದಲ್ಲಿ ಅವತ್ತು ಆಡುವವರ ಹೆಸರು ಬರೆದು ಹಚ್ಚಿದ್ದರು. ಆರ್ವಿಲ್ ಕನ್ನಡಕ ಸರಿಮಾಡಿಕೊಂಡು ಓದಿದ. ಕ್ಯಾಚರ್ ಎಂದಿದ್ದ ಕಡೆ ಟ್ರೆಂಟ್ ಓಬರ್ ಎಂದಿತ್ತು. ಆಗಸ್ಟಿನಲ್ಲಿ ಸೇರಿಕೊಂಡಿದ್ದ ಹೊಸಬ ಅವನು. ಲಾನಿಯ ಹೆಸರು ಎಲ್ಲೂ ಇರಲಿಲ್ಲ.

ಅವನು ಸೀದಾ ವೆಂಡೆಲ್‌ನ ಕೋಣೆಗೆ ನುಗ್ಗಿದ. ವೆಂಡೆಲ್ ಕಾಲನ್ನು ಮೇಜಿನ ಮೇಲೆ ಹಾಕಿಕೊಂಡು ಉಗುರು ಕತ್ತರಿಸಿಕೊಳ್ಳುತ್ತಿದ್ದ.

"ಲಾನಿ ಎಲ್ಲಿ?"

"ಇದಾನೆ. ಆಡ್ತಿಲ್ಲ ಅಷ್ಟೆ."

"ಹುಡುಗ್ರಿಗೆ ಬೆಂಕಿ ಹಚ್ಚೋಕೆ ಅಂದಿದ್ದೆಯಲ್ಲ ನೀನು."

"ನೀನೇ ಬರೆದೆಯಲ್ಲಪ್ಪಾ. ಊರಿಗೆಲ್ಲ ಗೊತ್ತಾದ್ಮೇಲೆ ಎದುರಿನೋರು ಸುಮ್ನಿರ್ತಾರಾ? ಸಾಲಾಗಿ ಓಡ್ತಾನೇ ಇರ್ತಾರೆ. ನಾನೇನ್ ಮಾಡ್ಲಿ, ನನ್ ಕೈ ಕಟ್ಟಿಹಾಕ್ಬಿಟ್ಟೆ ನೀನು." ಒಂದು ಉಗುರು ಚಿಮ್ಮಿ ಮೇಜಿನ ಮೇಲೆ ಬಿತ್ತು. "ನಿಜ ಹೇಳ್ಲಾ? ಆಗಸ್ಟ್‌ನಿಂದಾನೇ ಅವನನ್ನ ಕೂರಿಸ್ಬೇಕು ಅಂತಿದ್ದೆ. ಕೂರಿಸಿದ್ರೆ ಈ ಊರು ನನ್ನ ಬಿಡ್ತಿತ್ತಾ? ಈಗ ನೋಡು, ಎಲ್ಲಾ ನಿನ್ನನ್ನೇ ಬೈತಿದಾರೆ. ಹುಡುಗ್ರೂ ನಿನ್ ಮೇಲೇ ಉರೀತಿದಾರೆ. ನನ್ ತಂಡ ಚೆನ್ನಾಗಿ ಆಡತ್ತೆ ಇವತ್ತು."

ಇನ್ನೊಬ್ಬನ ಹೆಗಲ ಮೇಲೆ ಬಂದೂಕಿಟ್ಟು ಗುಂಡು ಹೊಡೆಯುವ ಈ ನೀಚನಿಗೆ ಗ್ರಹಚಾರ ಬಿಡಿಸಬೇಕೆಂದು ಆರ್ವಿಲ್ ಬಾಯಿ ತೆರೆದ. ಆದರೆ ಸಾಲು ಬರೆದದ್ದು ತಾನೇ. ಅದರಲ್ಲಿ ಸುಳ್ಳೂ ಇರಲಿಲ್ಲ. ಬಾಗಿಲು ದೂಡಿಕೊಂಡು ಹೊರಗೆ ಬಂದ.

ಲಾನಿ ಹೊರಗಿನ ಮೆಟ್ಟಿಲ ಮೇಲೆ ಕೂತು ಮೊಣಕಾಲಿಗೆ ರಕ್ಷಾಕವಚ ಕಟ್ಟಿಕೊಳ್ಳುತ್ತಿದ್ದ. ಆಡದಿದ್ದರೂ ಪಿಚರ್‌ಗಳು ಕೈ ಬಿಸಿಮಾಡಿಕೊಳ್ಳುವಾಗ ಯಾರಾದರೊಬ್ಬರು ಚೆಂಡು ಹಿಡಿಯಬೇಕಲ್ಲ. ಆರ್ವಿಲ್‌ನನ್ನು ಕಂಡು ಪಕ್ಕಕ್ಕೆ ಸರಿದ.

"ಕೂತ್ಕೊಳ್ಳಿ ಟೆಶ್ ಅವ್ರೇ."

ಆರ್ವಿಲ್ ಕೂರಲಿಲ್ಲ. "ನೋಡು ಲಾನಿ, ಅದನ್ನ ಬರೆಸಿದ್ದು ವೆಂಡೆಲ್. ನಿನ್ನ ಕೂರಿಸೋದಕ್ಕೆ ನೆಪ ಬೇಕಿತ್ತು ಅವನಿಗೆ. ನನಗೆ ಗೊತ್ತಾಗಲಿಲ್ಲ."

"ಬರೆದಿದ್ದೇನೂ ಸುಳ್ಳಲ್ಲವಲ್ಲ. ನಾನೇನೂ ಜಗಳ ಆಡಲ್ಲ ನಿಮ್ಮ ಹತ್ರ. ಒಂದೇ ಕೇಳ್ತೀನಿ. ಯಾವಾಗಿಂದ ಗೊತ್ತು ನಿಮಗೆ?"

"ಏನು?"

"ಕೈ ಹೋಗಿದೆ ಅಂತ."

ಆರ್ವಿಲ್ ತಡವರಿಸಿದ. "ಜೂನ್‌ನಿಂದ."

ಲಾನಿ ಪಟ್ಟಿ ಬಿಗಿಯುವುದನ್ನು ನಿಲ್ಲಿಸಿದ.

"ಜುಲೈನಲ್ಲಿ ನಮ್ಮೂರ್ ಹೈಸ್ಕೂಲಿನೋರು ಬಂದಿದ್ರು. ಕೋಚ್ ಆಗ್ತೀಯಾ ಅಂತ. ಖಾಯಂ ಕೆಲಸ. ಮಕ್ಕಳ ಸ್ಕೂಲೂ ಅದೇ. ನನಗೂ ಕೈ ಯಾಕೋ ಸರಿ ಇಲ್ಲ ಅನ್ನಿಸ್ತಿತ್ತು. ಇಲ್ಲಿ ಯಾರನ್ನ ಕೇಳಿದ್ರೂ ಏನಾಗಿಲ್ಲ ಬಿಡು, ಚೆನ್ನಾಗಿದೀಯ ಅನ್ನೋರೇ. ಹುಡುಗ್ರು ಅಂದ್ರು, ಊರೋರು ಅಂದ್ರು, ನನ್ನ ಹೆಂಡ್ತೀನೂ ಅಂದ್ಲು. ಅದಕ್ಕೇ ದಿನಾ ಎದ್ದ ತಕ್ಷಣ ನಿಮ್ಮದನ್ನ ಓದ್ತಿದ್ದೆ. ಟೆಶ್ ಯಾರನ್ನೂ ಬಿಡೋರಲ್ಲ, ಕೈ ಹೋಗಿದ್ರೆ ಬರೀತಿದ್ರು ಅಂತ. ನೀವು ಬರೀಲಿಲ್ಲ. ಹಂಗಾದ್ರೆ ಇನ್ನೂ ಇದೆ ಅಂದ್ಕೊಂಡು ಸ್ಕೂಲಿನೋರಿಗೆ ಆಗಲ್ಲ ಅಂದ್ಬಿಟ್ಟೆ."

"ಈಗ ಕೇಳಿದ್ರೆ..."

"ಆಗಸ್ಟ್‌ನಲ್ಲೇ ಆ ಕೆಲಸಕ್ಕೆ ಬೇರೆಯೋರು ಸೇರ್ಕೊಂಡ್ರಲ್ಲ."

ಆರ್ವಿಲ್ ಈಗ ಮೆಟ್ಟಿಲ ಮೇಲೆ ಕೂತ. "ನಿನ್ ಮೇಲಿನ ಅಭಿಮಾನಕ್ಕೆ ಬರೀಲಿಲ್ಲ ಕಣೋ ಲಾನಿ."

ಲಾನಿ ಎದ್ದು ನಿಂತು ಹೆಲ್ಮೆಟ್ಟನ್ನು ಕಂಕುಳಿಗೆ ಸಿಕ್ಕಿಸಿಕೊಂಡ. ಅವನ ದನಿಯಲ್ಲಿ ಸಿಟ್ಟೇನೂ ಇರಲಿಲ್ಲ.

"ಅಭಿಮಾನ ಇಟ್ಕೊಂಡೋರು ಊರ್ ತುಂಬ ಇದ್ರು ಟೆಶ್ ಅವ್ರೇ. ನೀವೊಬ್ರು ಹಂಗಲ್ಲ ಅಂದ್ಕೊಂಡಿದ್ದೆ."

ಅಷ್ಟು ಹೇಳಿ ಅವನು ಪಿಚರ್‌ಗಳಿದ್ದ ಕಡೆಗೆ ನಡೆದ. ಹೆರಾನ್ಸ್ ಅವತ್ತು ಸಲೀಸಾಗಿ ಗೆದ್ದಿತು. ಹೊಸ ಹುಡುಗ ಟ್ರೆಂಟ್ ಎರಡನೆಯ ಬೇಸ್ ಕದಿಯಲು ಓಡಿದವನನ್ನು ಅರ್ಧ ದಾರಿಯಲ್ಲೇ ಔಟ್ ಮಾಡಿಸಿದ, ಜನ ಎದ್ದು ಕುಣಿದರು. ಆರ್ವಿಲ್ ಟೆಶ್ ವರದಿ ಬರೆಯಲು ಕೂತ. ಒಂದೊಂದು ವಾಕ್ಯ ಬರೆದಾಗಲೂ ಇದನ್ನು ಕಂಡದ್ದಕ್ಕೆ ಬರೆದೆನೋ, ಯಾರೋ ಬರೆಸಿದ್ದಕ್ಕೆ ಬರೆದೆನೋ ಎಂದು ತನ್ನನ್ನೇ ಕೇಳಿಕೊಂಡ. ತನ್ನ ಮೇಲೇ ಅವನಿಗೆ ಅಷ್ಟು ಹೇಸಿಗೆ ಯಾವತ್ತೂ ಆಗಿರಲಿಲ್ಲ. ಕೊನೆಗೆ ಪಂದ್ಯದ ಅಂಕಿಗಳನ್ನಷ್ಟೇ ಬರೆದು ಕಳಿಸಿದ.