ಮೂಗಿನಿಂದ ಅಳೆದ ಉಪ್ಪು

ಪಾತೇಲಿಯ ಮುಚ್ಚಳ ಸರಿಸಿ ಹಬೆಗೆ ಮುಖ ಒಡ್ಡಿದಾಗ ಅವರ ಮೂಗಿನ ಹೊಳ್ಳೆಗಳು ಅರಳಿ, ಹರಳಿನ ಮೂಗುಬೊಟ್ಟು ಒಂದಿಷ್ಟು ಮೇಲೇಳುತ್ತಿತ್ತು. ಕಣ್ಣು ಮುಚ್ಚಿ ಒಂದು ಗಳಿಗೆ ನಿಂತು, "ಇನ್ನ ಚಿಟಿಕಿ ಉಪ್ಪು ಬೇಕು" ಎನ್ನುವರು, ಇಲ್ಲವೇ "ಆತು, ಇಳಸು" ಎನ್ನುವರು. ಮುಧೋಳದಲ್ಲಿ ನಾನು ಬಾಡಿಗೆಗಿದ್ದ ಮನೆಯ ಮಾಲಕಿ ಅವರು. ಕಟ್ಟಡದ ಕೆಳಗೆ ಅವರ ಖಾನಾವಳಿ, ಅದರ ನೆತ್ತಿಯ ಮೇಲೆಯೇ ನನ್ನ ಮನೆ. ಉಣ್ಣಲು ಬರುವವರೆಲ್ಲ ಅವರನ್ನು ಅವ್ವ ಎನ್ನುತ್ತಿದ್ದರು, ನಾನೂ.

ಅಡುಗೆ ಮಾಡುತ್ತ ಅವರು ಎಂದೂ ರುಚಿ ನೋಡಿದವರಲ್ಲ. ಕಾಲೇಜಿನಲ್ಲಿ ಪಾಠ ಹೇಳಲು ವರ್ಗವಾಗಿ ಬಂದ ಹೊಸದರಲ್ಲಿ, ಅವರ ಸೌಟಿನಿಂದ ಅಂಗೈಗೆ ಎರಡು ಹನಿ ಸಾರು ಬಿಟ್ಟುಕೊಳ್ಳಲು ಹೋಗಿ ಬೈಸಿಕೊಂಡಿದ್ದೆ. "ನೀ ಮೊದಲ ನೆಕ್ಕಿದ್ರ ಅದು ಎಂಜಲಾತು ತಂಗಿ. ಉಣ್ಣಾಕ ಬಂದವ್ರಿಗೆ ಎಂಜಲ ನೀಡ್ತಾರೇನು? ದೇವರು ಮೂಗ ಯಾಕ ಕೊಟ್ಟಾನ?" ಒಮ್ಮೆ ನನ್ನ ಅಡುಗೆ ಉಂಡ ಮೇಲೆ, ನನಗೆ ಮೂಗು ಕೊಟ್ಟಿದ್ದು ಕನ್ನಡಕ ನಿಲ್ಲಿಸಲಿಕ್ಕೆ ಮಾತ್ರ ಎಂದು ನಕ್ಕಿದ್ದರು. ಅಂದಿನಿಂದ ನಾನು ಒಲೆ ಹಚ್ಚುವುದನ್ನೇ ಬಿಟ್ಟು ಅವರಲ್ಲಿ ಉಣ್ಣತೊಡಗಿದೆ.

ಒಂದು ಚಳಿಗಾಲ ನನ್ನ ಮನೆಯಲ್ಲಿ ನಾತ ಶುರುವಾಯಿತು. ಕಬ್ಬಿನ ಹಂಗಾಮು ಬಂತೆಂದರೆ ಮುಧೋಳದವರು ಯಾವ ನಾತದ ಮೂಲವನ್ನೂ ಹುಡುಕುವುದಿಲ್ಲ. "ಸಕ್ಕರಿ ಫ್ಯಾಕ್ಟರಿ ಗಾಳಿರೀ" ಎಂದು ಕಿಟಕಿ ಹಾಕಿಕೊಳ್ಳುತ್ತಾರೆ. ನಾನು ಕಿಟಕಿ ಹಾಕಿದಷ್ಟೂ ಅದು ಹೆಚ್ಚಾಯಿತು. ಇಲಿ ಸತ್ತಿರಬೇಕೆಂದು ಕಪಾಟು ಸರಿಸಿದೆ. ಬಚ್ಚಲಿಗೆ ಫಿನಾಯಿಲ್ ಸುರಿದೆ. ಇದ್ದ ನಾತಕ್ಕೆ ಫಿನಾಯಿಲಿನದೂ ಸೇರಿತು, ಅಷ್ಟೇ. ಊರಿಗೇ ಹೆಸರಾದ ಮೂಗು ಕೆಳಗಿರುವಾಗ ನಾನೇಕೆ ಒದ್ದಾಡಲಿ ಎಂದು ಕೊನೆಗೆ ಅವ್ವನನ್ನೇ ಕರೆದೆ.

ಅವರು ಮೇಲೆ ಬಂದು ಕೋಣೆಗಳನ್ನೆಲ್ಲ ಸುತ್ತಿದರು. ಅಡುಗೆಮನೆಯಲ್ಲಿ ನಾನು ಸೆರಗಿನಿಂದ ಮೂಗು ಮುಚ್ಚಿಕೊಂಡಾಗ ನನ್ನ ಮುಖ ನೋಡಿ, ಆಮೇಲೆ ಸಿಂಕಿನ ಕಡೆ ಬೆರಳು ಮಾಡಿದರು. "ಇಲ್ಲೇ ಐತಿ. ಪೈಪ್ ಕಟ್ಟೈತಿ." ಪ್ಲಂಬರ್ ಬಂದು ಪೈಪ್ ಬಿಚ್ಚಿದ. ಪೈಪಿನಲ್ಲಿ ಏನೂ ಇರಲಿಲ್ಲ. ಅದರ ಹಿಂದಿನ ಗೋಡೆಯ ತೂತಿನಿಂದ ಮಾತ್ರ ನಾತ ಮುಖಕ್ಕೆ ರಾಚಿತು. "ಇದು ಕೆಳಗಿಂದ ಬರಾಕತ್ತೈತ್ರಿ" ಎಂದು ಅವನು ಮೆಟ್ಟಿಲಿಳಿದ. ನಾವಿಬ್ಬರೂ ಹಿಂದೆ ಹೋದೆವು.

ಖಾನಾವಳಿಯಲ್ಲಿ ಅವ್ವ ದಿನವೂ ಕೂತು ರೊಟ್ಟಿ ಬಡಿಯುವ ಜಾಗದ ಬೆನ್ನಿಗೇ ಉಗ್ರಾಣ. ಬಾಗಿಲು ತೆರೆದರೆ, ಮೂಲೆಯಲ್ಲಿ ಆಲೂಗಡ್ಡೆಯ ಚೀಲವೊಂದು ಕೊಳೆತು ನೀರಾಗಿ ಹರಿದಿತ್ತು. ಕೆಲಸದ ಹೆಂಗಸು ಇದನ್ನೂ ಫ್ಯಾಕ್ಟರಿ ಗಾಳಿ ಎಂದೇ ತಿಳಿದು ನಿತ್ಯ ಊದುಬತ್ತಿ ಹಚ್ಚುತ್ತಿದ್ದಳಂತೆ. ಪ್ಲಂಬರ್ ಹೊರಗೆ ಓಡಿ ಓಕರಿಸಿದ. ಅವ್ವ ಚೀಲದ ಮುಂದೆ ಬಗ್ಗಿ, ಸಾರಿನ ಹಬೆಗೆ ಒಡ್ಡುವ ಹಾಗೆ ಮುಖ ಒಡ್ಡಿ ಬಹಳ ಹೊತ್ತು ನಿಂತರು.

"ನನಗೇನೂ ವಾಸನಿ ಬರವಲ್ದು ತಂಗಿ" ಎಂದರು. ಹಿಂದಿನ ವರ್ಷದ ಜ್ವರದಲ್ಲಿ ಮೂಗು ನಾಲಿಗೆ ಎರಡೂ ಸತ್ತಿದ್ದವು. ರುಚಿ ನೋಡುವ ರೂಢಿಯೇ ಇರದಿದ್ದುದರಿಂದ ಯಾರಿಗೂ ಅನುಮಾನ ಬಂದಿರಲಿಲ್ಲ.

ಆ ಇಡೀ ವರ್ಷ ಅವರು ಬರಿ ಕೈಯಳತೆಯ ಮೇಲೆ ಅಡುಗೆ ಮಾಡಿದ್ದರು, ನಾವೆಲ್ಲ ಬೆರಳು ಚೀಪಿ ಉಂಡಿದ್ದೆವು. ಗುಟ್ಟು ಹೊರಬಿದ್ದ ಮೇಲೆಯೇ ಆ ಕೈಗೆ ಅಂಜಿಕೆ ಹತ್ತಿದ್ದು. ಉಪ್ಪು ಹಾಕುವರು, ಹಾಕಿದೆನೋ ಇಲ್ಲವೋ ಎಂದು ಮತ್ತೆ ಹಾಕುವರು. ಗಿರಾಕಿಗಳು ಬಾಯಿಬಿಟ್ಟು ಏನೂ ಅನ್ನದೆ ಮಜ್ಜಿಗೆ ಹೆಚ್ಚು ಕೇಳತೊಡಗಿದರು. ದಿನವೂ ನಾನು ಬಂದು ರುಚಿ ನೋಡಿ ಹೇಳಲೇ ಎಂದು ಕೇಳಿದೆ. "ಎಂಜಲ ನೀಡೂದಕ್ಕಿಂತ ಒಲಿ ಆರಸೂದು ಛಲೋ" ಎಂದರು.

ಒಂದು ಮಧ್ಯಾಹ್ನ ಗಿರಾಕಿಗಳೆಲ್ಲ ಹೋದ ಮೇಲೆ ನನ್ನನ್ನು ಕೂರಿಸಿ ರೊಟ್ಟಿ, ಬದನೆಕಾಯಿ ಪಲ್ಯ ನೀಡಿದರು. "ಹೆಂಗಾಗೈತಿ?"

"ಚೆನ್ನಾಗಿದೆ ಅವ್ವ."

ಅವರು ನನ್ನ ಎದುರಿಗೇ ಕೂತರು. "ನಾತ ಐತಿ ಅಂತ ಖರೆ ಹೇಳಿದಾಕಿ ನೀ ಒಬ್ಬಾಕಿನ. ಇದನ್ನೂ ಖರೆ ಹೇಳು."

ಹೇಳಿಬಿಟ್ಟೆ. ಉಪ್ಪು ಎರಡು ಸಲ ಬಿದ್ದಿದೆ, ಉಣ್ಣಲು ಆಗುತ್ತಿಲ್ಲ ಎಂದೆ. ಅವರು ತಾಟನ್ನು ಮೆಲ್ಲಗೆ ತಮ್ಮ ಕಡೆ ಎಳೆದುಕೊಂಡರು. ಮರುದಿನ ಖಾನಾವಳಿ ತೆರೆಯಲಿಲ್ಲ. ಸ್ವಲ್ಪ ದಿನಕ್ಕೆ ಅದಕ್ಕೆ ಬೀಗ ಹಾಕಿ ಬೀಳಗಿಯಲ್ಲಿದ್ದ ತಮ್ಮ ತಂಗಿಯ ಮನೆ ಸೇರಿದರು.

ಹೋದ ವರ್ಷ ಅಲ್ಲಿಯೇ ತೀರಿಕೊಂಡರು. ಸುದ್ದಿ ಕೇಳಿ ಹೋದೆ. ಇಲ್ಲಿ ಬಂದ ಮೇಲೆ ಒಲೆಯ ಹತ್ತಿರ ಹೋಗುತ್ತಿದ್ದರೇನು ಎಂದು ತಂಗಿಯನ್ನು ಕೇಳಿದೆ.

"ಯಾಕಿಲ್ರಿ, ದಿನಾ ಅಕೀದ ಅಡಗಿ. ಬಾಯಾಗ ಇಡಾಕ ಬರ್ತಿದ್ದಿಲ್ಲ, ಅಷ್ಟ ಉಪ್ಪು. ಮನಿಮಂದಿ ಯಾರೂ ತುಟಿ ಪಿಟಕ್ ಅನ್ನಲಿಲ್ರಿ. ಕಡೀಕಡೀಕ ಅಕಿ ಭಾಳ ಖುಷೀಲೆ ಇದ್ಲು. ನನ್ನ ಕೈ ತಿರುಗಿ ಬಂತು ನೋಡವಾ, ಅಂತಿದ್ಲು."

ಮುಧೋಳದ ಆ ಮಧ್ಯಾಹ್ನ ನಾನೂ ಸುಮ್ಮನೆ ಉಂಡು ಕೈ ತೊಳೆಯಬೇಕಿತ್ತು.