ಸಿಗರೇಟು ಸೇದಿದವನು ಬಸ್ಸಿನಲ್ಲಿ, ನಾನು ಬಿಸಿಲಿನಲ್ಲಿ

೨೦೦೩ರ ಏಪ್ರಿಲ್ ತಿಂಗಳು. ಆ ಹೊತ್ತಿಗೆ ನನಗೆ ಕಾಯಿಲೆ ಶುರುವಾಗಿ ಎರಡು ವರ್ಷವಾಗಿತ್ತು. ಶ್ವಾಸಕೋಶದ ಫೈಬ್ರೋಸಿಸ್ ಎಂದು ಅದರ ಹೆಸರು. ಶ್ವಾಸಕೋಶ ದಿನದಿನಕ್ಕೆ ಗಟ್ಟಿಯಾಗುತ್ತ ಹೋಗುತ್ತದೆ, ಎಷ್ಟು ಗಾಳಿ ಎಳೆದುಕೊಂಡರೂ ಸಾಲುವುದಿಲ್ಲ. ಇಪ್ಪತ್ತಾರು ವರ್ಷ ಪ್ರಾಥಮಿಕ ಶಾಲೆಯಲ್ಲಿ ಪಾಠ ಹೇಳಿದವಳು ನಾನು. ಮೈದಾನದ ಆಚೆ ತುದಿಯ ಹುಡುಗರಿಗೂ ನನ್ನ ದನಿ ಕೇಳುತ್ತಿತ್ತು. ಈಗ ಒಂದು ಮಾತು ಮುಗಿಸುವುದರೊಳಗೆ ಎರಡು ಸಲ ನಿಲ್ಲಬೇಕು. ಮನೆಯಲ್ಲಿ ಮಂಚದ ಪಕ್ಕ ದೊಡ್ಡ ಆಕ್ಸಿಜನ್ ಸಿಲಿಂಡರ್ ಇತ್ತು. ಹೊರಗೆ ಹೋಗುವಾಗ ಒಂದು ಸಣ್ಣದು. ಅದು ಒಂದು ಗಂಟೆಗಿಂತ ತುಸು ಹೆಚ್ಚು ಬರುತ್ತಿತ್ತು, ಅಷ್ಟೇ.

ಅವತ್ತು ಹುಬ್ಬಳ್ಳಿಯ ಆಸ್ಪತ್ರೆಯಲ್ಲಿ ತಪಾಸಣೆ. ಯಾವಾಗಲೂ ಆಟೋದಲ್ಲಿ ಹೋಗುತ್ತಿದ್ದೆವು. ಆ ದಿನ ಆಟೋದವರ ಮುಷ್ಕರ. ನಮ್ಮ ಯಜಮಾನರು ಸಣ್ಣ ಸಿಲಿಂಡರನ್ನು ಚೀಲದಲ್ಲಿಟ್ಟು ಹೆಗಲಿಗೆ ಹಾಕಿಕೊಂಡರು. ಮೂಗಿಗೆ ನಳಿಕೆ ಹಾಕಿಕೊಂಡೇ ನವನಗರದಲ್ಲಿ ಬಸ್ ಹತ್ತಿದೆ. ಕಂಡಕ್ಟರ್ ಟಿಕೆಟ್ ಕೊಟ್ಟ. ಏನೂ ಕೇಳಲಿಲ್ಲ.

ಬಸ್ ಹೊರಟ ಸ್ವಲ್ಪ ಹೊತ್ತಿಗೆ ಮುಂದಿನ ಸೀಟಿನಲ್ಲಿದ್ದವನು ಸಿಗರೇಟು ಹಚ್ಚಿದ. ಇಸ್ತ್ರಿ ಮಾಡಿದ ಅಂಗಿ, ಕೈಯಲ್ಲಿ ಬ್ರೀಫ್‌ಕೇಸು. ಹೊಗೆ ನೇರ ನನ್ನ ಮುಖಕ್ಕೆ ಬಂತು. ಅದಕ್ಕಿಂತ ಹೆಚ್ಚಾಗಿ, ಆಕ್ಸಿಜನ್ ಹತ್ತಿರ ಬೆಂಕಿ ತರಬಾರದೆಂದು ಡಾಕ್ಟರು ಸಾರಿ ಸಾರಿ ಹೇಳಿದ್ದರು.

"ಅದನ್ನ ಆರಿಸ್ರಿ. ಆಕ್ಸಿಜನ್ ಅದ ಇಲ್ಲೆ" ಎಂದೆ.

ಅವನು ತಿರುಗಿ ನೋಡಿದ. ಸಿಗರೇಟು ಆರಿಸಲಿಲ್ಲ. ಎದ್ದು ನಿಂತು ಕೂಗಿದ: "ಕಂಡಕ್ಟರ್, ಇಲ್ಲೆ ಸಿಲಿಂಡರ್ ತಂದಾರ ನೋಡು! ಸಿಡಿದರ ಯಾರು ಜವಾಬ್ದಾರಿ?"

ಬಸ್ಸಿನ ತುಂಬ ಗದ್ದಲವಾಯಿತು. ಕಂಡಕ್ಟರ್ ಓಡಿ ಬಂದ. ಯಜಮಾನರು ಕೈಮುಗಿದು ಹೇಳಿದರು, "ಅಡಗಿ ಗ್ಯಾಸ್ ಅಲ್ರಿ ಇದು, ಆಕ್ಸಿಜನ್. ಇದಿಲ್ಲಂದ್ರ ಅಕಿಗೆ ಉಸಿರಾಡ್ಲಿಕ್ಕೆ ಆಗೂದಿಲ್ರಿ."

"ಯಾವ ಗ್ಯಾಸ್ ಆದ್ರೇನ್ರಿ? ಇಳೀರಿ ಮೊದಲ" ಎಂದು ಕಂಡಕ್ಟರ್ ಸೀಟಿ ಊದಿಯೇಬಿಟ್ಟ.

ಬೈರಿದೇವರಕೊಪ್ಪದ ಹತ್ತಿರ ನಮ್ಮನ್ನು ಇಳಿಸಿದರು. ಸಿಗರೇಟಿನವನು ಒಳಗೇ ಕೂತಿದ್ದ. ಆ ಸಿಟ್ಟನ್ನು ಹೇಗೆ ಹೇಳಲಿ? ಸಿಟ್ಟು ಬಂದರೆ ಒದರಬೇಕು, ಒದರಲು ಉಸಿರು ಬೇಕು. ನನ್ನ ಬಾಯಿಂದ ಕೆಮ್ಮು ಬಿಟ್ಟರೆ ಏನೂ ಹೊರಡಲಿಲ್ಲ. ಕೈಮುಗಿದ ಯಜಮಾನರ ಮೇಲೂ ಸಿಟ್ಟು ಬಂತು. ರಸ್ತೆಯಲ್ಲಿ ನೆರಳಿರಲಿಲ್ಲ. ಸಿಲಿಂಡರಿನ ಮೀಟರಿನ ಮುಳ್ಳು ಅರ್ಧಕ್ಕಿಂತ ಕೆಳಗೆ ಬಂದಿತ್ತು. ನನ್ನ ಉಗುರುಗಳು ನೀಲಿಯಾಗತೊಡಗಿದವು.

ಎದುರಿಗೆ ಒಂದು ವೆಲ್ಡಿಂಗ್ ಶೆಡ್ ಇತ್ತು. ಯಜಮಾನರು ನನ್ನನ್ನು ಹಿಡಿದುಕೊಂಡು ಅತ್ತ ನಡೆಸಿದರು. ಕೆಲಸ ಮಾಡುತ್ತಿದ್ದ ಮನುಷ್ಯ ನಮ್ಮ ಚೀಲ ನೋಡಿದ್ದೇ ಕೈಯಲ್ಲಿದ್ದ ಬೆಂಕಿ ಆರಿಸಿದ.

"ಅಕ್ಕಾರ, ಅಲ್ಲೇ ನಿಂದರ್ರಿ! ಕಿಡಿ ಹಾರ್ತಾವು" ಎಂದವನೇ ಒಂದು ಸ್ಟೂಲು ತಂದು ಶೆಡ್ಡಿನ ಹಿಂದಿನ ನೆರಳಿನಲ್ಲಿ ನನ್ನನ್ನು ಕೂರಿಸಿದ. ಹೆಸರು ಈರಣ್ಣ. ನಾನು ಟೀಚರ್ ಎಂಬುದನ್ನೂ ನಡೆದದ್ದನ್ನೂ ಯಜಮಾನರಿಂದ ಕೇಳಿ ಅವನ ಮುಖ ಕೆಂಪಾಯಿತು. "ನಾವು ದಿನಾ ಆಕ್ಸಿಜನ್ ಜೋಡಿನ ಕೆಲಸ ಮಾಡ್ತೀವ್ರಿ. ಬೆಂಕಿ ಹಿಡಕೊಂಡು ಕುಂತಾಂವನ್ನ ಬಿಟ್ಟು ನಿಮ್ಮನ್ನ ಇಳಿಸ್ಯಾರಲ್ರಿ! ನಮ್ಮ ಸಿಲಿಂಡರ್ ಆಸ್ಪತ್ರಿದಲ್ಲ, ಇಲ್ಲಂದ್ರ ಈಗ ಹಚ್ಚಿ ಕೊಡ್ತಿದ್ದೆ."

ಮುಂದಿನ ಬಸ್ ಕಾಣುತ್ತಲೇ ಈರಣ್ಣ ರಸ್ತೆಯ ನಡುವೆ ಹೋಗಿ ಎರಡೂ ಕೈ ಚಾಚಿ ನಿಂತ. ಬಸ್ ನಿಂತಿತು. ಒಳಗೆ ಹತ್ತಿ, ನಾನು ಒದರಬೇಕೆಂದುಕೊಂಡಿದ್ದನ್ನೆಲ್ಲ ಅವನೇ ಒದರಿದ: "ಇವರು ಟೀಚರ್ ಅದಾರ. ಇದು ಅವರ ಉಸಿರು. ಬೀಡಿ, ಸಿಗರೇಟು ಸೇದಾವ್ರು ಯಾರರೆ ಇದ್ರ ಈಗ ಇಳೀರಿ!" ಡ್ರೈವರ್ ಹಿಂದಿನ ಸೀಟು ತಾನಾಗಿ ಖಾಲಿಯಾಯಿತು. ಈರಣ್ಣ ಕೆಲಸ ಬಿಟ್ಟು, ಆಸ್ಪತ್ರೆಯ ಬಾಗಿಲವರೆಗೂ ಜೊತೆಗೆ ಬಂದ. ನರ್ಸ್ ಬೇರೆ ಆಕ್ಸಿಜನ್ ಹಚ್ಚುವಾಗ ನಮ್ಮ ಸಿಲಿಂಡರಿನ ಮುಳ್ಳು ಸೊನ್ನೆಗೆ ತಾಗಿತ್ತು.

ಮನೆಗೆ ಬಂದ ಮೇಲೆ ಬಸ್ಸಿನ ಕಚೇರಿಗೆ ದೂರು ಬರೆದೆ. ಎರಡು ತಿಂಗಳ ಮೇಲೆ ಉತ್ತರ ಬಂತು. ಪ್ರಯಾಣಿಕರ ಸುರಕ್ಷತೆಗಾಗಿ ಕಂಡಕ್ಟರ್ ಹಾಗೆ ಮಾಡಿದ್ದಾರೆ ಎಂದಿತ್ತು. ಹಾಗಾದರೆ ಟಿಕೆಟ್ ಕೊಂಡ ನಾನು ಯಾರು? ಮತ್ತೆ ಬರೆದು ಕೇಳಿದೆ. ಉತ್ತರವಿಲ್ಲ.

"ಮರ್ತುಬಿಡು, ಸಿಟ್ಟು ಮಾಡ್ಕೊಂಡ್ರ ದಮ್ಮು ಹೆಚ್ಚಾಗ್ತದ" ಎನ್ನುತ್ತಾರೆ ಯಜಮಾನರು. ಖರೆ, ಹೆಚ್ಚಾಗುತ್ತದೆ. ಆದರೂ ಮರೆಯಲಾರೆ. ಕಂಡಕ್ಟರ್ ಹೆದರಿದ್ದ, ಬಿಡಿ. ಸಿಗರೇಟಿನವನ ಮುಖವೂ ಈಗ ಮಸುಕಾಗಿದೆ. ನನಗೆ ಇಂದಿಗೂ ತಡೆಯಲಾಗದ ಸಿಟ್ಟು ಇರುವುದು ಮೊದಲ ಬಸ್ಸಿನ ಉಳಿದ ಜನರ ಮೇಲೆ. ನಾವು ಇಳಿಯುವಾಗ ಎಲ್ಲರೂ ಕಿಟಕಿಯ ಕಡೆ ನೋಡುತ್ತಿದ್ದರು. ಅವರೆಲ್ಲರಿಗೂ ಬೇಕಾದಷ್ಟು ಉಸಿರಿತ್ತು. ನಮ್ಮ ಪರ ಒಬ್ಬರೂ ಬಾಯಿ ತೆರೆಯಲಿಲ್ಲ.